ದುರ್ಯೋಧನನ ಪಾರ್ಟು ಎಷ್ಟಕ್ಕೆ?

ಸುಗ್ಗಿ ಮುಗಿದು ಜಾತ್ರೆಗಳು ಶುರುವಾಗುವ ಹೊತ್ತಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಸ್ ಸ್ಟ್ಯಾಂಡುಗಳ ಸುತ್ತ ಒಂದೇ ಬಗೆಯ ಫ್ಲೆಕ್ಸುಗಳು ಏಳುತ್ತವೆ. ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಅಂತ ಮೇಲೆ ದಪ್ಪ ಅಕ್ಷರ, ಕೆಳಗೆ ಸಾಲಾಗಿ ಫೋಟೋ. ಒಂದನೇ ಕೃಷ್ಣ, ಎರಡನೇ ಕೃಷ್ಣ, ಒಂದನೇ ದುರ್ಯೋಧನ, ಭೀಮ, ಕರ್ಣ, ಶಕುನಿ. ಕೃಷ್ಣ ನಿಮಗೆ ಗೊತ್ತಿರುವ ಗೊಬ್ಬರದ ಅಂಗಡಿಯವರಾಗಿರುತ್ತಾರೆ, ಭೀಮ ಹಾಲಿನ ಡೈರಿಯ ಕಾರ್ಯದರ್ಶಿ. ದ್ರೌಪದಿ, ಕುಂತಿ, ರುಕ್ಮಿಣಿಯರ ಜಾಗದಲ್ಲಿ ಮಾತ್ರ ಊರಿನವರ ಮುಖ ಇರುವುದಿಲ್ಲ. ಅಲ್ಲಿ ಹೆಸರಿನ ಜೊತೆ ತುಮಕೂರು ಅಂತಲೋ ಬೆಂಗಳೂರು ಅಂತಲೋ ಬರೆದಿರುತ್ತದೆ.

ನಾನು ಈ ನಾಟಕಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಮೂರು ವರ್ಷದಿಂದ ಈ ನಾಲ್ಕು ತಾಲ್ಲೂಕುಗಳ ರಾತ್ರಿಗಳಲ್ಲಿ ಚಳಿಗೆ ಶಾಲು ಹೊದ್ದು ಕೂತು ನೋಡಿದ್ದೇನೆ. ಇನ್ನೊಂದು ಸಂಗತಿಯನ್ನು ನನ್ನ ಮಾರ್ಗದರ್ಶಕರಿಗೂ ಹೇಳಿಲ್ಲ. ಭಾನುವಾರಗಳಂದು ಹಾಸ್ಟೆಲಿನ ರೂಮಿನಲ್ಲಿ ಐದು ಜನ ಹುಡುಗಿಯರು ಸೇರಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಡುತ್ತೇವೆ. ಇವೆರಡೂ ಬೇರೆ ಬೇರೆ ಲೋಕ ಅಂತಲೇ ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸುತ್ತಿಲ್ಲ. ಒಂದನ್ನು ಪಕ್ಕಕ್ಕಿಟ್ಟುಕೊಂಡು ನೋಡಿದರೆ ಇನ್ನೊಂದರಲ್ಲಿ ಕಾಣದಿದ್ದದ್ದು ಕಾಣುತ್ತದೆ.

ಮೇಜಿನ ಸುತ್ತ ಕೂತು ಆಡುವ ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರೂ ಒಂದು ಪಾತ್ರ ಕಟ್ಟಿಕೊಳ್ಳುತ್ತಾರೆ. ಕತ್ತಿ ಹಿಡಿದವಳು, ಕಳ್ಳಿ, ಮಂತ್ರವಾದಿ, ಹೀಗೆ. ಒಬ್ಬರು ಡಂಜನ್ ಮಾಸ್ಟರ್ ಆಗಿ ಲೋಕವನ್ನು ವಿವರಿಸುತ್ತಾರೆ: “ಮುಂದೆ ಒಂದು ಕೋಟೆ ಬಾಗಿಲು, ಕಾವಲುಗಾರ ತೂಕಡಿಸುತ್ತಿದ್ದಾನೆ, ಏನು ಮಾಡುತ್ತೀರಿ?” ನೀವು ಹೇಳಿದ್ದು ಆಗುತ್ತದೋ ಇಲ್ಲವೋ ಅನ್ನುವುದನ್ನು ಬಹಳ ಸಲ 20 ಮುಖದ ದಾಳ ನಿರ್ಧರಿಸುತ್ತದೆ. ವೇಷ ಇಲ್ಲ, ರಂಗ ಇಲ್ಲ, ಬರೆದಿಟ್ಟ ಮಾತಿಲ್ಲ. ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಕರಾವಳಿಯ ತಾಳಮದ್ದಳೆ. ಅಲ್ಲೂ ವೇಷವಿಲ್ಲದೆ ಕೂತು, ಭಾಗವತರು ಹಾಡಿದ ಪದಕ್ಕೆ ಆ ಕ್ಷಣದಲ್ಲೇ ಅರ್ಥ ಹೇಳುತ್ತಾ ಕೃಷ್ಣನಾಗಬೇಕು, ಕರ್ಣನಾಗಬೇಕು, ಎದುರಿನವರ ವಾದಕ್ಕೆ ಉತ್ತರ ಕೊಡಬೇಕು. ದಾಳವೊಂದು ಇಲ್ಲ, ಅಷ್ಟೇ. ಅಲ್ಲೂ ಹೆಂಗಸರು ಬಂದದ್ದು ತಡವಾಗಿ. ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನ ಮೊದಲ ವೃತ್ತಿಪರ ಭಾಗವತೆ ಅನ್ನಿಸಿಕೊಂಡದ್ದು ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ.

ನಮ್ಮ ಕಡೆಯದು ಮೂಡಲಪಾಯದ ನೆಲ. ಅದರಲ್ಲಿ ಹೆಣ್ಣು ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದರು. ಆಮೇಲೆ ಕಂಪನಿ ನಾಟಕ ಬಂತು. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ಕಂಪನಿ, ವೀರಣ್ಣನವರ ಕಾಲದಲ್ಲಿ, 1930ರ ದಶಕದಲ್ಲಿ, ಆನೆ ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿತು. ಕಂಪನಿಗಳು ಕರಗಿದ ಮೇಲೆ ಆ ನಾಟಕ ಹಳ್ಳಿಗಳಲ್ಲಿ ಉಳಿಯಿತು. ಪಾವಗಡದ ಕಡೆ ಹೋದರೆ ಸುತ್ತ ಹೆಚ್ಚುಕಡಿಮೆ ಆಂಧ್ರವೇ ಆದ್ದರಿಂದ ತೆಲುಗು ಪದ್ಯ ನಾಟಕದ ರಾಗ ಕನ್ನಡದ ಕೃಷ್ಣನ ಗಂಟಲಲ್ಲೂ ನುಸುಳುತ್ತದೆ. ಕೇಳುವವರಿಗೆ ಎರಡು ಭಾಷೆಯೂ ಗೊತ್ತು, ಯಾರಿಗೂ ತೊಂದರೆ ಇಲ್ಲ.

ಈ ನಾಟಕಗಳು ನಡೆಯುವ ಲೆಕ್ಕಾಚಾರ ಹೊರಗಿನವರಿಗೆ ಆಶ್ಚರ್ಯ ಅನ್ನಿಸಬಹುದು. ಇಲ್ಲಿ ಪಾತ್ರ ಮಾಡುವವರು ದುಡ್ಡು ತೆಗೆದುಕೊಳ್ಳುವುದಿಲ್ಲ, ಕೊಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಡ್ರಾಮಾ ಸೀನರಿಯ ಬಾಡಿಗೆ, ಲೈಟು, ಮೈಕು, ನಟಿಯರ ಸಂಬಳ ಎಲ್ಲವನ್ನೂ ಕೂಡಿಸಿ ಪಾರ್ಟುಗಳ ಮೇಲೆ ಹಂಚುತ್ತಾರೆ. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು. ಹಾಡು, ಕಂದ, ಮಾತು ಕಡಿಮೆ ಇರುವ ಪಾರ್ಟಿಗೆ ಕಡಿಮೆ. ದುಬಾರಿ ಪಾರ್ಟನ್ನು ಎರಡು ಮೂರು ಜನ ಸೀನುಗಳ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ಒಂದನೇ ಕೃಷ್ಣ, ಎರಡನೇ ಕೃಷ್ಣ ಹುಟ್ಟುವುದು ಹಾಗೆ. ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಆಟದ ರಾತ್ರಿ ನೆಂಟರಿಷ್ಟರು ರಂಗಕ್ಕೇ ಹತ್ತಿ ಹಾರ ಹಾಕಿ, ನೋಟು ಚುಚ್ಚಿ, ಮುಯ್ಯಿ ಮಾಡುತ್ತಾರೆ. ಕಥೆ ಅಷ್ಟು ಹೊತ್ತು ನಿಲ್ಲುತ್ತದೆ. ದುರ್ಯೋಧನನೂ ಕಾಯುತ್ತಾನೆ.

ನಗರದ ರಂಗ ವಿಮರ್ಶಕರು ಇದನ್ನು ನೋಡಿ ಮೂಗು ಮುರಿಯುವುದುಂಟು. ರಾಗ ತಪ್ಪುತ್ತದೆ, ಮಾತು ಮರೆಯುತ್ತದೆ, ಗದೆ ಎತ್ತಿದವನ ಕೈಯಲ್ಲಿ ವಾಚು ಹೊಳೆಯುತ್ತದೆ. ನಿಜ. ಆದರೆ ಆ ದೂರು ಇದನ್ನು ನಾಟಕ ಅಂತ ಮಾತ್ರ ನೋಡುವುದರಿಂದ ಬರುತ್ತದೆ. ನನಗೆ ಇದು ಮೊದಲಿಗೆ ಆಟ. ಪ್ರೇಕ್ಷಕರಿಗಿಂತ ಆಡುವವರಿಗಾಗಿ ಇರುವ ಆಟ. ವರ್ಷವಿಡೀ ಕಡಲೇಕಾಯಿ ರೇಟು, ಬೋರ್‌ವೆಲ್ಲು, ಮಗಳ ಮದುವೆ ಸಾಲ ಅಂತ ತಲೆ ಕೆಡಿಸಿಕೊಂಡ ಮನುಷ್ಯ ಒಂದು ರಾತ್ರಿ ಛಲದಂಕಮಲ್ಲನಾಗುವುದಕ್ಕೆ ದುಡ್ಡು ಕೊಡುತ್ತಾನೆ. ದುಡ್ಡು ಕೊಟ್ಟು ಸೋಲುವ ಪಾತ್ರವನ್ನು ಕೊಳ್ಳುತ್ತಾನೆ ಅನ್ನುವುದನ್ನೂ ಗಮನಿಸಬೇಕು. ಧರ್ಮರಾಯನ ಪಾರ್ಟಿಗೆ ಇಷ್ಟು ಪೈಪೋಟಿ ಇಲ್ಲ. ತೊಡೆ ಮುರಿಸಿಕೊಂಡು ಬೀಳುವವನಾಗುವುದರಲ್ಲಿ ಒಂದು ಸುಖ ಇದೆ, ಅದು ಬೆಳಗಿನ ಜಾವ ನಾಲ್ಕು ಗಂಟೆಯಲ್ಲಿ ಆ ಮುಖಗಳನ್ನು ನೋಡಿದವರಿಗೆ ಗೊತ್ತು. ಭಾನುವಾರದ ನಮ್ಮ ಆಟದಲ್ಲಿ ನನ್ನ ಕತ್ತಿವರಸೆಯ ಹೆಂಗಸು ಸತ್ತ ದಿನ ನಾನೂ ಹಾಗೇ ಸುಖಪಟ್ಟು ಅತ್ತಿದ್ದೆ.

ಇಲ್ಲಿಗೆ ಬಂದಾಗ ನನ್ನ ಸಂಶೋಧನೆಯ ಪ್ರಶ್ನೆ ತಿರುಗಿತು. ಈ ಸುಖ ಯಾರಿಗೆ? ರಂಗದ ಮೇಲೆ ಹೆಂಗಸರಿದ್ದಾರೆ, ಅದೂ ಇಡೀ ತಂಡದಲ್ಲಿ ಅವರೇ ಚೆನ್ನಾಗಿ ಬಲ್ಲವರು. ಆದರೆ ಅವರು ಸಂಬಳಕ್ಕೆ ಬಂದವರು. ಊರಿನ ಹೆಂಗಸರು ರಂಗದ ಮುಂದೆ ಚಾಪೆಯ ಮೇಲೆ ಇದ್ದಾರೆ. ಹೆಣ್ಣು ಸುಮ್ಮನೆ ಆಸೆಗೆ ಪಾರ್ಟು ಕಟ್ಟುವುದು ಈ ಲೆಕ್ಕದ ಪುಸ್ತಕದಲ್ಲಿ ಯಾವ ಕಾಲಮ್ಮಿಗೂ ಸೇರುವುದಿಲ್ಲ.

ಶಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ರಂಗದ ಹಿಂದಿನ ಶಾಲೆಯ ಕೋಣೆಯಲ್ಲಿ, ಅವತ್ತಿನ ದ್ರೌಪದಿ ಬಣ್ಣ ಹಚ್ಚಿಕೊಳ್ಳುತ್ತಾ ನನ್ನ ಜೊತೆ ಮಾತಾಡಿದರು. ಐವತ್ತರ ಆಸುಪಾಸಿನವರು. ಅವತ್ತು ಮಧ್ಯಾಹ್ನ ಬಸ್ಸಿಳಿದು ಬಂದಿದ್ದರು. ಊರಿನವರು ನಾಲ್ಕು ತಿಂಗಳು ತಾಲೀಮು ಮಾಡಿದ್ದರೆ ಇವರಿಗೆ ತಾಲೀಮು ಇಲ್ಲ. ಯಾವ ಮೇಷ್ಟ್ರು, ಯಾವ ಶ್ರುತಿ ಅಂತ ಕೇಳಿಕೊಂಡರೆ ಸಾಕು.

“ಎಲ್ಲಾ ಪಾರ್ಟೂ ಬಾಯಲ್ಲೈತೆ ಕಣವ್ವ. ಅವ್ರು ಮರೀತಾರೆ, ನಾನು ಮೆಲ್ಲಗೆ ಎತ್ತಿ ಕೊಡ್ತೀನಿ. ಜನಕ್ಕೆ ಗೊತ್ತಾಗಲ್ಲ.”

“ದುರ್ಯೋಧನನ ಪಾರ್ಟೂ ಬರುತ್ತಾ ಅಮ್ಮ?”

“ಅದು ಬಿಟ್ರೆ ಆ ನಾಟಕದಾಗೆ ಇನ್ನೇನೈತೆ!”

“ಒಂದ್ಸಲನಾದ್ರೂ ಮಾಡಿದ್ದೀರಾ?”

ಕನ್ನಡಿಯಲ್ಲೇ ನನ್ನನ್ನು ನೋಡಿ ನಕ್ಕರು. “ದುಡ್ಡು ಕೊಟ್ಟು ಮಾಡೋಕೆ ನಂಗೇನು ಹುಚ್ಚಾ? ಹೊಟ್ಟೆಪಾಡಿಗೆ ಬಂದೋಳು ನಾನು.” ಹಣೆಗೆ ಕುಂಕುಮ ಇಟ್ಟುಕೊಂಡು, ಸ್ವಲ್ಪ ಹೊತ್ತು ಬಿಟ್ಟು, “ಕೊಡ್ತೀನಿ ಅಂದ್ರೂ ಕೊಡಲ್ಲ ಬಿಡು” ಅಂದರು.

ಅವರಿಗೆ ನಾನು ಮೈಸೂರಿನ ಆರ್. ನಾಗರತ್ನಮ್ಮನವರ ಹೆಸರು ಹೇಳಿದೆ. ನನಗಿಂತ ಚೆನ್ನಾಗಿ ಗೊತ್ತಿತ್ತು. 1958ರಲ್ಲಿ ನಾಗರತ್ನಮ್ಮ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಗಂಡು ಪಾತ್ರಗಳೂ ಹೆಂಗಸರವೇ. ಅವರ ಕಂಸ, ಅವರ ದುರ್ಯೋಧನ, ‘ಕೃಷ್ಣಗಾರುಡಿ’ಯ ಅವರ ಭೀಮ ಹೆಸರುವಾಸಿ. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಹೆಣ್ಣಿನ ಗಂಟಲಿಗೆ ದುರ್ಯೋಧನ ಸಿಕ್ಕುವುದಿಲ್ಲ ಅನ್ನುವ ಮಾತಿಗೆ ಅವರು ಕೊಟ್ಟ ಉತ್ತರ ದೊಡ್ಡದು. ಆದರೆ ಅವರದೂ ವೃತ್ತಿ. ನಾಗರತ್ನಮ್ಮನಂಥವರು ದುರ್ಯೋಧನನಾಗಬಹುದು ಅಂತ ಒಪ್ಪಿದ ಊರು, ಹಾಲು ಹಾಕಿ ಬಂದ ಹೆಂಗಸೊಬ್ಬಳು ಸುಮ್ಮನೆ ಖುಷಿಗೆ, ಅರೆಬರೆ ರಾಗದಲ್ಲಿ, ಮಾತು ಮರೆಯುತ್ತಾ ದುರ್ಯೋಧನನಾಗಬಹುದು ಅಂತ ಒಪ್ಪಿಲ್ಲ. ಗೊಬ್ಬರದ ಅಂಗಡಿಯವರಿಗೆ ಕೆಟ್ಟದಾಗಿ ಹಾಡುವ ಹಕ್ಕಿದೆ. ನನಗೆ ಬೇಕಿರುವುದು ಆ ಹಕ್ಕು.

ಮೇಜಿನ ಆಟದ ಚರಿತ್ರೆ ಇದಕ್ಕಿಂತ ಉದಾರವಾಗಿದೆ ಅಂತ ತಿಳಿಯಬೇಡಿ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಿಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಪ್ರಕಟಿಸಿದಾಗ ಯೋಧನ ಪಾತ್ರಕ್ಕಿದ್ದ ಹೆಸರು ‘ಫೈಟಿಂಗ್ ಮ್ಯಾನ್’. 1978ರ ನಿಯಮ ಪುಸ್ತಕ ಇನ್ನೂ ಮುಂದೆ ಹೋಯಿತು. ಅದರಲ್ಲಿ ಬಲಕ್ಕೆ 18ರವರೆಗೆ ಅಂಕ. 18 ಬಂದ ಯೋಧರಿಗೆ ಅದರ ಮೇಲೆ 100ರವರೆಗೆ ಇನ್ನೊಂದು ಅಂಕ. ಮನುಷ್ಯ ಜಾತಿಯ ಗಂಡಿಗೆ ಪೂರ್ತಿ 100, ಹೆಣ್ಣಿಗೆ 50ಕ್ಕೇ ತಡೆ. ಬೆಂಕಿ ಉಗುಳುವ ಡ್ರಾಗನ್ ಇರುವ ಲೋಕದಲ್ಲಿ, ಸತ್ತವರನ್ನು ಎಬ್ಬಿಸುವ ಮಂತ್ರ ಇರುವ ಲೋಕದಲ್ಲಿ, ಬಲವಾದ ಹೆಂಗಸು ಒಬ್ಬಳೇ ನಂಬಲಾಗದ ಪ್ರಾಣಿಯಾದಳು. 1989ರ ಎರಡನೇ ಆವೃತ್ತಿಯಲ್ಲಿ ಆ ತಡೆ ಹೋಯಿತು. ಗ್ಯಾರಿ ಅಲನ್ ಫೈನ್ ಅನ್ನುವ ಸಮಾಜಶಾಸ್ತ್ರಜ್ಞ ಈ ಆಟಗಾರರ ನಡುವೆ ಕೂತು ಬರೆದ ‘ಶೇರ್ಡ್ ಫ್ಯಾಂಟಸಿ’ 1983ರಲ್ಲಿ ಬಂತು. ಅವರು ಕಂಡ ಮೇಜುಗಳ ಸುತ್ತ ಬಹುಪಾಲು ಗಂಡಸರೇ.

ಹಾಗಂತ ಹೆಂಗಸರು ಇರಲಿಲ್ಲ ಅಂತಲ್ಲ. ಆಟ ಬಂದ ಮರುವರ್ಷವೇ, 1975ರಲ್ಲಿ, ಲೀ ಗೋಲ್ಡ್ ಅನ್ನುವ ಹೆಂಗಸು ಲಾಸ್ ಏಂಜಲೀಸಿನಿಂದ ಆಟಗಾರರು ಬರೆದು ಕಳಿಸಿದ್ದನ್ನೆಲ್ಲ ಕಟ್ಟಿ ಹಂಚುವ ಪತ್ರಿಕೆ ಶುರುಮಾಡಿದರು. ಅದನ್ನು ದಶಕಗಟ್ಟಲೆ ನಡೆಸಿದರು. ನಿಯಮಗಳ ಬಗ್ಗೆ ಆಟಗಾರರು ಜಗಳಾಡಿ, ವಿವರಿಸಿ, ತಿದ್ದಿದ್ದು ಬಹಳಷ್ಟು ಅಲ್ಲೇ. ಅಂದರೆ ಮೊದಲ ದಿನದಿಂದಲೂ ಆಟವನ್ನು ಆಟವಾಗಿ ಯೋಚಿಸಿದವರಲ್ಲಿ ಒಬ್ಬ ಹೆಂಗಸಿದ್ದಳು. ನಿಯಮ ಪುಸ್ತಕ ಬರೆಯುವವರಿಗೆ ಅದು ಕಾಣಲಿಲ್ಲ.

ಬೆಂಗಳೂರಿನಲ್ಲಿ ನಾನು ಮೊದಲ ಸಲ ಇಂಥ ಮೇಜಿಗೆ ಹೋದಾಗ ಅಲ್ಲಿದ್ದವರು ಒಳ್ಳೆಯವರೇ. ಯಾರ ಜೊತೆ ಬಂದಿದ್ದೀ ಅಂತ ಕೇಳಿದರು. ಯಾರ ಜೊತೆಯೂ ಇಲ್ಲ ಅಂದೆ. ಗಾಯಕ್ಕೆ ಮದ್ದು ಕೊಡುವ ಪಾತ್ರ ಖಾಲಿ ಇದೆ, ಸುಲಭ, ಅದನ್ನೇ ತಗೋ ಅಂದರು. ತಗೊಂಡೆ. ಮೂರು ಗಂಟೆ ಹೊತ್ತು ಗಂಡಸರ ಗಾಯ ವಾಸಿ ಮಾಡಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಹೊಳೆದದ್ದು ಶಿರಾದ ಆ ಅಮ್ಮ: ಎಲ್ಲರ ಮಾತನ್ನೂ ಎತ್ತಿ ಕೊಡುವವರು. ಹಾಸ್ಟೆಲಿನ ಮೇಜು ಶುರುವಾದದ್ದು ಅದಾದ ಮೇಲೆ.

ಮಹಾಭಾರತದ ಸಭಾಪರ್ವವನ್ನು ಈಗ ನನಗೆ ಆಟದ ಕಥೆಯಾಗಿ ಓದದೆ ಇರಲು ಆಗುವುದಿಲ್ಲ. ದಾಳ ಹಾಕುವವರು, ಪಣ ಒಡ್ಡುವವರು, ನೋಡುವವರು ಎಲ್ಲರೂ ಗಂಡಸರು. ದ್ರೌಪದಿ ಪಣ. ಆದರೆ ಆಟದ ನಿಯಮದ ಬಗ್ಗೆ ಆ ಸಭೆಗೆ ಪ್ರಶ್ನೆ ಹಾಕಿದವಳು ಅವಳು. ಕರೆಯಲು ಬಂದ ಪ್ರಾತಿಕಾಮಿಯನ್ನು ವಾಪಸ್ಸು ಕಳಿಸಿ ಕೇಳಿಸುತ್ತಾಳೆ: ಅವನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಕಳೆದುಕೊಂಡವನಿಗೆ ನನ್ನನ್ನು ಒಡ್ಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮ, ಧರ್ಮ ಸೂಕ್ಷ್ಮ ಅಂತಾನೆ. ನಿಯಮ ಬಲ್ಲವರೆಲ್ಲ ಇದ್ದ ಸಭೆಯಲ್ಲಿ ತೀರ್ಪು ಬರಲಿಲ್ಲ. ಕೌರವರಲ್ಲೇ ಒಬ್ಬನಾದ ವಿಕರ್ಣ ಅವಳ ಪರ ಮಾತಾಡಿದ, ಅವನ ಬಾಯಿ ಮುಚ್ಚಿಸಿದರು.

ನಾನು ನೋಡಿದ ಕುರುಕ್ಷೇತ್ರಗಳಲ್ಲಿ ಈ ದೃಶ್ಯ ಇರುವುದಿಲ್ಲ. ಕಥೆ ಶುರುವಾಗುವುದೇ ಸಂಧಾನದ ಸುತ್ತಮುತ್ತ. ದ್ರೌಪದಿ ಬಿಚ್ಚಿದ ಮುಡಿಯಲ್ಲಿ ಬರುತ್ತಾಳೆ, ಹಾಡುತ್ತಾಳೆ, ಅಳುತ್ತಾಳೆ, ಗಂಡಂದಿರಿಗೆ ಸಿಟ್ಟು ಬರಿಸಿ ಹೋಗುತ್ತಾಳೆ. ಅವಳ ಅವಮಾನ ರಂಗದ ಮೇಲಿದೆ, ಅವಳ ಪ್ರಶ್ನೆ ಹಿಂದಿನ ಅಂಕದಲ್ಲೆಲ್ಲೋ ಉಳಿದುಬಿಟ್ಟಿದೆ. ಶಿರಾದ ಆ ಅಮ್ಮ ಅವತ್ತು ರಾತ್ರಿ ಎರಡೂವರೆಗೆ ಹಾಡಿದ ಶೋಕಗೀತೆಗೆ ಚಾಪೆಯ ಮೇಲಿದ್ದ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಹಾಡು ಅದ್ಭುತವಾಗಿತ್ತು. ಅಳು ಬಂದದ್ದಕ್ಕೆ ನನಗೆ ತಕರಾರಿಲ್ಲ. ಆ ಪಾತ್ರಕ್ಕೆ ಅಳುವುದನ್ನಷ್ಟೇ ಬಿಟ್ಟ ಕಥಾಬಂಧದ ಮೇಲೆ ತಕರಾರಿದೆ.

ಇಷ್ಟು ಹೇಳಿ ಇಂಗ್ಲಿಷ್ ಆಟ ತಂದು ನಮ್ಮ ಹೆಂಗಸರನ್ನು ಉದ್ಧಾರ ಮಾಡಬೇಕು ಅಂತ ಹೇಳಲು ಹೊರಟಿದ್ದೆ, ನಿಜ. ಹೋದ ಬೇಸಿಗೆಯ ಒಂದು ಮಧ್ಯಾಹ್ನ ಆ ಮಾತನ್ನು ನನ್ನಿಂದ ಕಿತ್ತುಕೊಂಡಿತು.

ಮಧುಗಿರಿ ಹತ್ತಿರದ ಊರಲ್ಲಿ ನಮ್ಮ ಚಿಕ್ಕಮ್ಮನ ಮನೆ. ಏಕಶಿಲೆಯ ಬೆಟ್ಟ ಹಗಲೆಲ್ಲ ಕಾದು ಸಂಜೆ ಬಿಸಿ ಉಗುಳುವ ದಿನಗಳು. ಚಿಕ್ಕಮ್ಮ, ಅವರ ಇಬ್ಬರು ಹೆಣ್ಣುಮಕ್ಕಳು, ಪಕ್ಕದ ಮನೆಯ ಸೊಸೆ ಪಡಸಾಲೆಯಲ್ಲಿ ಚೌಕಾಬಾರ ಆಡುತ್ತಿದ್ದರು. ನಾಲ್ಕು ಹುಣಿಸೆ ಬೀಜಗಳನ್ನು ಸೀಳಿ ಮಾಡಿದ ಕಾಯಿ. ಎಲ್ಲವೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕು. ಎಲ್ಲವೂ ಮಕಾಡೆ ಬಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಸರದಿ. ಬೀಜ ಸರಿಯಾಗಿದ್ದರೆ ಬಾರ ಬೀಳುವುದು 16ರಲ್ಲಿ ಒಂದು ಸಲ, ಎರಡು ಬೀಳುವುದು 16ರಲ್ಲಿ ಆರು ಸಲ. ಈ ಲೆಕ್ಕ ಚಿಕ್ಕಮ್ಮನಿಗೆ ಕಾಗದದ ಮೇಲೆ ಗೊತ್ತಿಲ್ಲ, ಬೆರಳಿನಲ್ಲಿ ಗೊತ್ತಿದೆ. ನಾನು ಆ ಬೀಜಗಳನ್ನೇ ಇಸಿದುಕೊಂಡು ನಮ್ಮ ಆಟ ಹೇಳಿಕೊಟ್ಟೆ.

“ಯಾರು ಬೇಕಾದ್ರೂ ಆಗಬಹುದು ಚಿಕ್ಕಮ್ಮ. ರಾಣಿ, ಬೇಟೆಗಾರ್ತಿ, ದುರ್ಯೋಧನ. ನೀನು ಯಾರಾಗ್ತೀಯಾ?”

ಬಹಳ ಹೊತ್ತು ಯೋಚಿಸಿ, “ಬ್ಯಾಂಕ್ ಮ್ಯಾನೇಜರ್” ಅಂದಳು.

ನನಗೆ ನಿರಾಸೆಯಾಯಿತು. ಇಡೀ ಲೋಕ ಬಿಟ್ಟುಕೊಟ್ಟರೆ ಈಯಮ್ಮ ಕೇಳಿದ್ದು ಫ್ಯಾನಿನ ಕೆಳಗಿನ ಕುರ್ಚಿ. ಆಮೇಲೆ ಯೋಚಿಸಿದರೆ ಅದು ನನ್ನ ಕೊಬ್ಬು. ವರ್ಷಗಟ್ಟಲೆ ಪಹಣಿ, ಫೋಟೋ, ಜೆರಾಕ್ಸು ಹಿಡಿದು ಆ ಕುರ್ಚಿಯ ಈಚೆ ನಿಂತವಳಿಗೆ ಡ್ರಾಗನ್ ಎಲ್ಲಿದೆ ಅಂತ ನನಗಿಂತ ಚೆನ್ನಾಗಿ ಗೊತ್ತು.

ನಾನು ಕಥೆ ನಡೆಸುವವಳು. ಕುರುಕ್ಷೇತ್ರದ ಗುಂಗು ತಲೆಯಲ್ಲಿತ್ತು. ಬ್ಯಾಂಕಿಗೆ ಧರ್ಮರಾಯನನ್ನೇ ಕಳಿಸಿದೆ. ಜೂಜಿಗೆ ಸಾಲ ಬೇಕು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಕಾಲಮೇಲೆ ಕಾಲು ಹಾಕಿದಳು. ಆ ಭಂಗಿಯನ್ನು ಅವಳಲ್ಲಿ ನಾನು ಮೊದಲು ನೋಡಿರಲಿಲ್ಲ.

“ಏನ್ ಇಡ್ತೀಯಪ್ಪ ಒತ್ತೆ?”

“ರಾಜ್ಯ ಹೋಗಿದೆ ಮೇಡಂ. ತಮ್ಮಂದಿರೂ ಹೋದರು. ನನ್ನ ಹೆಂಡತಿ ಇದ್ದಾಳೆ.”

ಹುಡುಗಿಯರು ಕಿಸಕ್ಕನೆ ನಕ್ಕರು. ಚಿಕ್ಕಮ್ಮ ನಗಲಿಲ್ಲ. ಕೈ ಚಾಚಿ, “ಅವಳ ಹೆಬ್ಬೆಟ್ಟು ಎಲ್ಲಿ?” ಅಂದಳು.

ಪಡಸಾಲೆ ಒಂದು ಗಳಿಗೆ ತಣ್ಣಗಾಯಿತು. ಪಕ್ಕದ ಮನೆಯ ಸೊಸೆ ತಲೆ ತಗ್ಗಿಸಿದ್ದಳು. ಅವಳ ಒಡವೆ ಅವಳನ್ನು ಕೇಳದೆ ಅಡವಾಗಿದ್ದು ಎಲ್ಲರಿಗೂ ಗೊತ್ತಿತ್ತು. ಆಟ ಮುಂದುವರಿಸಬೇಕಲ್ಲ, ಧರ್ಮರಾಯ ಮ್ಯಾನೇಜರನ್ನು ಮಾತಿನಲ್ಲಿ ಒಲಿಸಲು ನೋಡುತ್ತಾನೆ ಅಂತ ಬೀಜ ಹಾಕಿದೆ. ಬಾರ ಬಿತ್ತು. 16ರಲ್ಲಿ ಒಂದು. ನಿಯಮದ ಪ್ರಕಾರ ಧರ್ಮರಾಯ ಗೆದ್ದ, ಸಾಲ ಮಂಜೂರಾಗಬೇಕು.

“ಬೀಜ ಏನಾದ್ರೂ ಹೇಳ್ಲಿ ಮಗಾ. ಅವಳು ಬಂದು ಒತ್ತದೆ ನಾನು ಕೊಡಾಕಿಲ್ಲ.”

“ಆಟ ಹಂಗಲ್ಲ ಚಿಕ್ಕಮ್ಮ, ಬೀಜ ಬಿದ್ದಮೇಲೆ...”

“ಹಂಗಾದ್ರೆ ನಿನ್ನ ಆಟ ಸರಿ ಇಲ್ಲ.”

ಈ ಆಟದಲ್ಲಿ ಕಥೆ ನಡೆಸುವವರಿಗೆ ಒಂದು ಅಧಿಕಾರ ಇದೆ. ದಾಳ ಹೇಳಿದ್ದು ಕಥೆಗೆ ಒಗ್ಗದಿದ್ದರೆ ತೀರ್ಪನ್ನು ಬದಲಿಸಬಹುದು. ಭೀಷ್ಮ ಬಳಸದೆ ಉಳಿಸಿಕೊಂಡದ್ದು ಅದನ್ನೇ. ನಾನು ತೀರ್ಪು ಕೊಟ್ಟೆ: ಸಾಲ ಇಲ್ಲ, ಹೆಂಡತಿಯನ್ನು ಕರೆದುಕೊಂಡು ಬಾ. ಅಲ್ಲಿಯತನಕ ಸುಮ್ಮನಿದ್ದ ಪಕ್ಕದ ಮನೆಯ ಸೊಸೆ, ತಾನು ಯಾರು ಅಂತ ಇನ್ನೂ ಹೇಳಿರದವಳು, “ಹಂಗಾದ್ರೆ ದ್ರೌಪದಿ ನಾನಾಗ್ತೀನಿ” ಅಂದಳು. “ಬರಲ್ಲ ಅಂತ ಹೇಳಿ ಕಳಿಸಿ ಅವನಿಗೆ.”

ಅಷ್ಟರಲ್ಲಿ ಚಿಕ್ಕಪ್ಪ ಬಂದರು, ಕಾಫಿ ಆಗಬೇಕಿತ್ತು, ಆಟ ಮುರಿಯಿತು. ರಾತ್ರಿ ಊಟಕ್ಕೆ ಕೂತಾಗ ಈ ಸಲದ ಜಾತ್ರೆಗೆ ಊರಲ್ಲಿ ಕುರುಕ್ಷೇತ್ರ ಮಾಡುವ ಮಾತು ಬಂತು. ಯಾರಿಗೆ ಯಾವ ಪಾರ್ಟು ಅಂತ ಚಿಕ್ಕಪ್ಪ ಹೇಳುತ್ತಿದ್ದರು. ಸಾರು ಬಡಿಸುತ್ತಿದ್ದ ಚಿಕ್ಕಮ್ಮ ಸೌಟು ಹಿಡಿದೇ ಕೇಳಿದಳು:

“ದುರ್ಯೋಧನನ ಪಾರ್ಟು ಎಷ್ಟಕ್ಕಂತೆ?”

ಯಾಕೆ ಅಂತ ಚಿಕ್ಕಪ್ಪ ಕೇಳಿದರು. ಸುಮ್ಮನೆ ಕೇಳಿದೆ ಅಂದಳು.